ಅಂಗಾಂಗ ದಾನಕ್ಕೆ ಹೆಸರು ಕೊಟ್ಟ ಮೇಲೆ ನನ್ನನ್ನು ಪದೇ ಪದೇ ಕೇಳಿದ ಪ್ರಶ್ನೆಗಳು

ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಡಿಗ್ರಿ ಓದಿದ್ದು ಶಿವಮೊಗ್ಗದಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಕೊನೇ ವರ್ಷದಲ್ಲಿದ್ದಾಗ, 21ನೇ ವಯಸ್ಸಿಗೆ, ಅಂಗಾಂಗ ದಾನಕ್ಕೆ ಹೆಸರು ಕೊಟ್ಟೆ. ಅಲ್ಲಿಂದ ಇಲ್ಲಿಯವರೆಗೆ ಹಾಸ್ಟೆಲ್ ಗೆಳತಿಯರು, ಮದುವೆ ಮನೆ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು, ಬಸ್ಸಿನಲ್ಲಿ ಸಿಕ್ಕ ಹೈಸ್ಕೂಲ್ ಮೇಷ್ಟ್ರು, ನಮ್ಮಜ್ಜಿ, ಹೀಗೆ ಯಾರು ಏನು ಕೇಳಿದರೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದೆ. ಎಷ್ಟೋ ಪ್ರಶ್ನೆಗಳಿಗೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಸ್ಪತ್ರೆಯವರನ್ನು ಕೇಳಿ, ಕಾಯ್ದೆ ಓದಿ ತಿಳಿದುಕೊಂಡೆ. ನಾನು ಡಾಕ್ಟರಲ್ಲ, ವಕೀಲೆಯೂ ಅಲ್ಲ. ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಉಪಯೋಗವಾಗಲಿ ಅಂತ ಬರೆದಿದ್ದೇನೆ.

ಇಷ್ಟು ಚಿಕ್ಕ ವಯಸ್ಸಿಗೆ ಈ ಯೋಚನೆ ಯಾಕೆ ಬಂತು?

ನಮ್ಮ ದೊಡ್ಡಪ್ಪನಿಂದ. ಅವರಿಗೆ ಶುಗರ್ ಇತ್ತು, ಬಿಪಿ ಇತ್ತು, ಎರಡನ್ನೂ ಬಹಳ ವರ್ಷ ಅಲಕ್ಷ್ಯ ಮಾಡಿದರು. ಕಾಲು ಊದಿಕೊಂಡು, ಊಟ ಸೇರದೆ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಎರಡೂ ಕಿಡ್ನಿ ಹೋಗಿದ್ದವು. ಆಗಿನಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್, ಒಂದು ಸಲಕ್ಕೆ ನಾಲ್ಕು ಗಂಟೆ. ಬೆಳಗಿನ ಮೊದಲ ಬಸ್ಸಿಗೆ ಹೋದವರು ಮಧ್ಯಾಹ್ನ ಇಳಿದ ಮೇಲೆ ಬಂದು ಜಗಲಿ ಮೇಲೆ ಮಲಗಿಬಿಡುತ್ತಾರೆ. ಕಿಡ್ನಿ ಕೆಲಸ ಮಾಡದಿದ್ದರೆ ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ. ಹಾಗಾಗಿ ನೀರಿಗೆ ಲೆಕ್ಕ. ನಮ್ಮ ಊರಲ್ಲಿ ಮಳೆಗಾಲ ಅಂದರೆ ಹಗಲೂ ರಾತ್ರಿ ಹಂಚಿನ ಮೇಲೆ ಮಳೆ ಸುರಿಯುತ್ತಲೇ ಇರುತ್ತದೆ. ಆ ಸದ್ದು ಕೇಳುತ್ತಾ ದೊಡ್ಡಪ್ಪ ಒಂದು ಸಣ್ಣ ಸ್ಟೀಲ್ ಲೋಟದಲ್ಲಿ ಅಳೆದು ನೀರು ಕುಡಿಯುತ್ತಾರೆ.

ಒಂದು ದಿನ ಜೊತೆಗೆ ನಾನು ಹೋಗಿದ್ದೆ. ಪಕ್ಕದ ಹಾಸಿಗೆಯಲ್ಲಿ ನನ್ನ ವಯಸ್ಸಿನ ಹುಡುಗ. ಒಂದು ಕೈಗೆ ದಪ್ಪ ಸೂಜಿ ಚುಚ್ಚಿತ್ತು, ಇನ್ನೊಂದು ಕೈಯಲ್ಲಿ ಐಟಿಐ ಪುಸ್ತಕ ಹಿಡಿದು ಪರೀಕ್ಷೆಗೆ ಓದುತ್ತಿದ್ದ. ದೊಡ್ಡಪ್ಪ ಒಳಗಿದ್ದ ನಾಲ್ಕು ಗಂಟೆ ನಾನು ಹೊರಗಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಇದನ್ನೇ ಹುಡುಕಿ ಓದಿದೆ. ತೀರ್ಮಾನ ಅವತ್ತೇ ಆಯಿತು. ಮನೆಯಲ್ಲಿ ಹೇಳುವ ಧೈರ್ಯ ಬರುವುದಕ್ಕೆ ಮಾತ್ರ ತಿಂಗಳುಗಳೇ ಬೇಕಾದವು.

ಸತ್ತವರೆಲ್ಲರ ಅಂಗಾಂಗ ತೆಗೆದುಕೊಳ್ಳುತ್ತಾರಾ?

ಇಲ್ಲ. ಹೆಚ್ಚಿನವರು ತಪ್ಪು ತಿಳಿದಿರುವುದು ಇಲ್ಲೇ. ಕಿಡ್ನಿ, ಲಿವರ್, ಹೃದಯ, ಶ್ವಾಸಕೋಶ, ಮೇದೋಜೀರಕ ಗ್ರಂಥಿ, ಸಣ್ಣ ಕರುಳು, ಇವು ಬದುಕಿರಬೇಕಾದರೆ ಕೊನೇ ಗಳಿಗೆವರೆಗೂ ರಕ್ತ ಹರಿಯುತ್ತಿರಬೇಕು. ಮನೆಯಲ್ಲೋ ದಾರಿಯಲ್ಲೋ ಹೃದಯ ನಿಂತು ಜೀವ ಹೋದರೆ ಈ ಅಂಗಗಳು ಬೇಗ ಕೆಡುತ್ತವೆ. ಆದ್ದರಿಂದ ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಈ ದಾನವೆಲ್ಲ ಆಗುವುದು ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದು, ಮಿದುಳು ನಿಷ್ಕ್ರಿಯವಾದವರಿಂದ. ತಲೆಗೆ ಪೆಟ್ಟು ಬಿದ್ದವರು, ಮಿದುಳಿನಲ್ಲಿ ರಕ್ತಸ್ರಾವ ಆದವರು ಇವರಲ್ಲಿ ಹೆಚ್ಚು. ಹೆಸರು ಕೊಟ್ಟ ಎಲ್ಲರಿಗೂ ಕೊಡುವ ಸಂದರ್ಭವೇ ಬರುವುದಿಲ್ಲ. ನನಗೂ ಬಾರದೇ ಇರಬಹುದು.

ಅಂಥ ಒಬ್ಬರಿಂದ ಎಂಟು ಜೀವ ಉಳಿಯಬಹುದು ಎನ್ನುತ್ತಾರೆ. ಕಣ್ಣು, ಚರ್ಮ, ಮೂಳೆ, ಹೃದಯದ ಕವಾಟ ಬೇರೆ ಲೆಕ್ಕ. ಅವನ್ನು ಹೃದಯ ನಿಂತ ಮೇಲೂ ಕೊಡಬಹುದು.

ಮಿದುಳು ನಿಷ್ಕ್ರಿಯ ಅಂದರೆ ಕೋಮಾನೇ ಅಲ್ವಾ? ಎದ್ದು ಬರಲೂಬಹುದಲ್ಲ?

ಎರಡೂ ಬೇರೆ. ಕೋಮಾದಲ್ಲಿರುವವರ ಮಿದುಳು ಎಷ್ಟೋ ಮಟ್ಟಿಗೆ ಜೀವಂತ ಇರುತ್ತದೆ. ಅವರಲ್ಲಿ ಎದ್ದು ಬಂದವರಿದ್ದಾರೆ. ಮಿದುಳಿನ ಬುಡದಲ್ಲಿ, ಬೆನ್ನುಹುರಿ ಶುರುವಾಗುವಲ್ಲಿ, ಮಿದುಳುಕಾಂಡ ಅಂತ ಒಂದು ಭಾಗವಿದೆ. ಉಸಿರಾಡು ಅಂತ ಎದೆಗೆ ಹೇಳುವುದು ಅದು. ಪೆಟ್ಟು ಬಿದ್ದು ಮಿದುಳು ಊದಿಕೊಂಡಾಗ ತಲೆಬುರುಡೆಯೊಳಗೆ ಜಾಗ ಸಾಲದೆ ರಕ್ತದ ಹರಿವು ನಿಲ್ಲುತ್ತದೆ, ಮಿದುಳುಕಾಂಡವೂ ಸಾಯುತ್ತದೆ. ಸತ್ತ ಮಿದುಳುಕಾಂಡ ಮತ್ತೆ ಚಿಗುರುವುದಿಲ್ಲ. ಅಲ್ಲಿಂದ ಮುಂದೆ ವಾಪಸ್ ಬಂದವರು ಯಾರೂ ಇಲ್ಲ. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಇದನ್ನು ಸಾವು ಎಂದೇ ಒಪ್ಪುತ್ತದೆ.

ಆದರೆ ಮನೆಯವರಿಗೆ ಕಾಣುವುದು ಬೇರೆ. ಹೃದಯಕ್ಕೆ ತನ್ನದೇ ಮಿಡಿತ ಇರುವುದರಿಂದ ವೆಂಟಿಲೇಟರ್ ಗಾಳಿ ತುಂಬುತ್ತಿರುವಷ್ಟು ಹೊತ್ತು ಅದು ಸ್ವಲ್ಪ ಕಾಲ ಬಡಿಯುತ್ತಿರುತ್ತದೆ. ಎದೆ ಏರಿ ಇಳಿಯುತ್ತದೆ, ಕೈ ಮುಟ್ಟಿದರೆ ಬೆಚ್ಚಗಿರುತ್ತದೆ, ಪರದೆ ಮೇಲೆ ಗೆರೆ ಓಡುತ್ತಿರುತ್ತದೆ. ಅದನ್ನು ನೋಡುತ್ತಾ ನಿಂತ ತಾಯಿಗೆ “ನಿಮ್ಮ ಮಗ ಇಲ್ಲ” ಅಂದರೆ ಅವಳು ಹೇಗೆ ನಂಬಿಯಾಳು? ನಾನಾಗಿದ್ದರೂ ನಂಬುತ್ತಿರಲಿಲ್ಲ. ಇದನ್ನು ಐಸಿಯು ಬಾಗಿಲಲ್ಲಿ ಮೊದಲ ಸಲ ಕೇಳುವ ಹಾಗೆ ಆಗಬಾರದು ಅನ್ನುವುದಕ್ಕೇ ಈ ಪ್ರಶ್ನೆಗೆ ಇಷ್ಟುದ್ದ ಬರೆದೆ.

ಹೆಸರು ಕೊಟ್ಟಿದ್ದಾಳೆ ಅಂತ ಗೊತ್ತಾದರೆ ಡಾಕ್ಟರುಗಳು ಉಳಿಸುವ ಪ್ರಯತ್ನ ಬಿಟ್ಟುಬಿಟ್ಟರೆ?

ಹಾಸ್ಟೆಲಿನಲ್ಲಿ ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಹೆದರಿಕೆ ಸಹಜ, ಕಾನೂನೂ ಅದನ್ನು ಗಮನದಲ್ಲಿಟ್ಟುಕೊಂಡೇ ಕಟ್ಟಳೆ ಮಾಡಿದೆ. ಮಿದುಳು ಸತ್ತಿದೆ ಎಂದು ಒಬ್ಬ ಡಾಕ್ಟರು ಹೇಳಿದರೆ ಸಾಲದು. ನಾಲ್ವರು ಸಹಿ ಹಾಕಬೇಕು: ಆಸ್ಪತ್ರೆಯ ಮುಖ್ಯಸ್ಥ ವೈದ್ಯರು, ಸರ್ಕಾರ ಒಪ್ಪಿದ ಪಟ್ಟಿಯಿಂದ ಒಬ್ಬ ತಜ್ಞರು, ಒಬ್ಬ ನರರೋಗ ತಜ್ಞರು ಅಥವಾ ನರಶಸ್ತ್ರಚಿಕಿತ್ಸಕರು, ಮತ್ತು ಚಿಕಿತ್ಸೆ ಕೊಡುತ್ತಿರುವ ವೈದ್ಯರು. ನರತಜ್ಞರು ಸಿಗದ ಕಡೆ ಆ ಜಾಗದಲ್ಲಿ ಅರಿವಳಿಕೆ ಅಥವಾ ಐಸಿಯು ತಜ್ಞರಂಥವರು ಕೂರಬಹುದು. ಅಂಗ ಕಸಿ ಮಾಡುವ ತಂಡದ ಯಾರೂ ಇದರಲ್ಲಿ ಇರುವಂತಿಲ್ಲ.

ಪರೀಕ್ಷೆ ಎರಡು ಸಲ ಆಗಬೇಕು, ನಡುವೆ ಕನಿಷ್ಠ 6 ಗಂಟೆ ಅಂತರ ಇರಬೇಕು. ಕಣ್ಣಿಗೆ ಬೆಳಕು ಬಿಟ್ಟು ಪಾಪೆ ಕುಗ್ಗುತ್ತದಾ ನೋಡುತ್ತಾರೆ. ಕಣ್ಣಿಗೆ ಹತ್ತಿಯ ಎಳೆ ಸೋಕಿಸಿ ರೆಪ್ಪೆ ಮಿಟುಕುತ್ತದಾ ನೋಡುತ್ತಾರೆ. ಕಿವಿಯೊಳಗೆ ತಣ್ಣೀರು ಬಿಡುತ್ತಾರೆ, ಗಂಟಲೊಳಗೆ ಮುಟ್ಟಿ ಕೆಮ್ಮು ಬರುತ್ತದಾ ಪರೀಕ್ಷಿಸುತ್ತಾರೆ. ಕೊನೆಗೆ, ಆಮ್ಲಜನಕ ಕೊಡುತ್ತಲೇ ಕೆಲವು ನಿಮಿಷ ವೆಂಟಿಲೇಟರ್ ಬಿಡಿಸಿ, ತಾನಾಗಿ ಒಂದೇ ಒಂದು ಉಸಿರು ಎಳೆಯುತ್ತಾರಾ ಅಂತ ಕಾಯುತ್ತಾರೆ. ಒಂದು ಉಸಿರು ಬಂದರೂ ಮಿದುಳು ನಿಷ್ಕ್ರಿಯ ಅಂತ ಬರೆಯುವ ಹಾಗಿಲ್ಲ.

ಅಪ್ಪನೂ ನನ್ನನ್ನು ಇದನ್ನೇ ಬೇರೆ ಥರ ಕೇಳಿದ್ದರು. ಅದು ಮುಂದೆ ಬರುತ್ತದೆ.

ಹೆಸರು ಕೊಡುವುದು ಹೇಗೆ?

ಕಷ್ಟವೇನಿಲ್ಲ. ಅಂಗಾಂಗ ಕಸಿಯನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ನೊಟ್ಟೊ 2023ರ ಸೆಪ್ಟೆಂಬರ್‌ನಲ್ಲಿ ಆಧಾರ್ ಮೂಲಕ ನೋಂದಾಯಿಸುವ ಜಾಲತಾಣ ಶುರು ಮಾಡಿತು. ಮೊಬೈಲಿಗೆ ಒಟಿಪಿ ಬರುತ್ತದೆ, ಯಾವ ಯಾವ ಅಂಗ ಅಂತ ಗುರುತು ಹಾಕಿದರೆ ಪ್ರಮಾಣಪತ್ರ ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು ‘ಜೀವಸಾರ್ಥಕತೆ’ ಎಂಬ ಸರ್ಕಾರಿ ವ್ಯವಸ್ಥೆ. ಕಾಗದದಲ್ಲೇ ಮಾಡುವುದಾದರೆ 7ನೇ ನಮೂನೆ ಅಂತ ಇದೆ. ಸಂದೇಹ ಇದ್ದರೆ ನೊಟ್ಟೊದ ಉಚಿತ ಸಹಾಯವಾಣಿ 1800 11 4770. ಹೆಸರು ಕೊಡುವುದಕ್ಕೆ ಯಾರೂ ದುಡ್ಡು ಕೇಳುವಂತಿಲ್ಲ, ರಕ್ತ ಪರೀಕ್ಷೆಯೂ ಬೇಡ.

18 ತುಂಬಿಲ್ಲ, ಪಿಯುಸಿ ಓದುತ್ತಿದ್ದೇನೆ. ನಾನು ಕೊಡಬಹುದಾ?

ಹೆಸರು ಕೊಡುವುದಕ್ಕೆ 18 ಆಗಿರಬೇಕು. ಅದಕ್ಕಿಂತ ಚಿಕ್ಕವರ ವಿಷಯದಲ್ಲಿ ಅಪ್ಪ ಅಮ್ಮನೇ ತೀರ್ಮಾನ ಮಾಡುವವರು. ಆದರೆ ಮನಸ್ಸಿನಲ್ಲಿರುವುದನ್ನು ಅವರಿಗೆ ಹೇಳುವುದಕ್ಕೆ ವಯಸ್ಸಿನ ಮಿತಿ ಇಲ್ಲ.

ಹೆಸರು ಕೊಟ್ಟದ್ದಕ್ಕೆ ಸಿಗುವ ಕಾರ್ಡ್ ಇದ್ದರೆ ಸಾಕಲ್ವಾ? ಮನೆಯವರು ಬೇಡ ಅಂದರೂ ಆಗುತ್ತಾ?

ಸಾಲುವುದಿಲ್ಲ, ಆಗುವುದೂ ಇಲ್ಲ. ಇದು ನನಗೆ ಗೊತ್ತೇ ಇರಲಿಲ್ಲ. ಕಾರ್ಡ್ ಬಂದ ದಿನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಆ ಹೊತ್ತಿನಲ್ಲಿ ಡಾಕ್ಟರುಗಳು ಮನೆಯವರನ್ನೇ ಕೇಳುತ್ತಾರೆ, 8ನೇ ನಮೂನೆಗೆ ಅವರ ಸಹಿಯನ್ನೇ ತೆಗೆದುಕೊಳ್ಳುತ್ತಾರೆ. ಅವರು ತಲೆ ಅಲ್ಲಾಡಿಸಿದರೆ ಅಲ್ಲಿಗೆ ಮುಗಿಯಿತು. ಕಾರ್ಡಿನ ಉಪಯೋಗ ಇಷ್ಟೇ: “ಇದು ಅವಳ ಇಷ್ಟವಾಗಿತ್ತು” ಅಂತ ಮನೆಯವರಿಗೆ ನೆನಪಿಸುತ್ತದೆ.

ಜಗತ್ತಿನ ಮೊದಲ ಹೃದಯ ಕಸಿ ಆಗಿದ್ದು 1967ರ ಡಿಸೆಂಬರ್ 3ರಂದು, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ, ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಕೈಯಲ್ಲಿ. ಆ ಹೃದಯ ಡೆನಿಸ್ ಡಾರ್ವಾಲ್ ಎಂಬ 25 ವರ್ಷದ ಹುಡುಗಿಯದು. ರಸ್ತೆ ದಾಟುವಾಗ ಕಾರು ಗುದ್ದಿತ್ತು. ಅದೇ ಅಪಘಾತದಲ್ಲಿ ತಾಯಿಯೂ ಹೋಗಿದ್ದರು. ಹೆಂಡತಿಯನ್ನು ಕಳೆದುಕೊಂಡು ಕೂತ ತಂದೆಯ ಹತ್ತಿರ ಬಂದು ಡಾಕ್ಟರುಗಳು ಮಗಳ ಹೃದಯ ಕೇಳಿದರು. ಅಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲದ ಕಾಲ ಅದು, ಮಗಳು ಏನು ಹೇಳುತ್ತಿದ್ದಳು ಅಂತ ಆ ತಂದೆ ಊಹೆ ಮಾಡಬೇಕಾಯಿತು. ಆಯಿತು ಅಂದರು. ಈಗ ನಮಗೆಲ್ಲ ಗೊತ್ತಿದೆ. ಗೊತ್ತಿದ್ದೂ ನಾವು ಬಾಯಿ ಬಿಡದಿದ್ದರೆ ನಮ್ಮಪ್ಪನೂ ಅದೇ ಕುರ್ಚಿಯಲ್ಲಿ ಕೂತು ಊಹೆಯನ್ನೇ ಮಾಡಬೇಕಾಗುತ್ತದೆ.

ಹಾಗಾದರೆ ಮನೆಯಲ್ಲಿ ಹೇಳಿದ್ದು ಹೇಗೆ?

7ನೇ ನಮೂನೆಗೆ ಇಬ್ಬರು ಸಾಕ್ಷಿ ಬೇಕು, ಒಬ್ಬರಾದರೂ ಹತ್ತಿರದ ಸಂಬಂಧಿಯಾಗಿರಬೇಕು. ಆನ್‌ಲೈನಿನಲ್ಲಿ ಮಾಡಿ ಮುಗಿಸಬಹುದಿತ್ತು. ಅಪ್ಪನ ಹತ್ತಿರ ಮಾತೆತ್ತುವುದಕ್ಕೆ ನೆಪ ಬೇಕಿತ್ತು, ಅದಕ್ಕೆ ಕಾಗದದ ನಮೂನೆಯನ್ನೇ ಊರಿಗೆ ಒಯ್ದೆ.

ಅಡಿಕೆ ಸುಲಿಯುವ ದಿನಗಳು. ರಾತ್ರಿ ಊಟ ಆದ ಮೇಲೆ ಎಲ್ಲರೂ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತೇವೆ. ಕಣ್ಣು ಅಡಿಕೆ ಮೇಲೆ, ಕೈ ಕೆಲಸದ ಮೇಲೆ ಇರುವುದರಿಂದ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಕಷ್ಟದ ಮಾತು ಆಡುವುದಕ್ಕೆ ನಮ್ಮ ಮನೆಯಲ್ಲಿ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ನಾನು ದೊಡ್ಡಪ್ಪನ ಡಯಾಲಿಸಿಸ್‌ನಿಂದ ಶುರು ಮಾಡಿ ಆ ಹುಡುಗನ ವಿಷಯ ಹೇಳಿ ಕೊನೆಗೆ ನಮೂನೆಯ ವಿಷಯ ತೆಗೆದೆ. ಅಮ್ಮ, “ಎಂತ ಮಾತು ಅಂತ ಆಡ್ತಿ ಮಾರಾಯ್ತಿ ರಾತ್ರಿ ಹೊತ್ತಲ್ಲಿ, ಬಿಡ್ತು ಅನ್ನು” ಅಂದರು. ಅಪ್ಪ ಏನೂ ಹೇಳದೆ ಎದ್ದು ಅಡಿಕೆ ಬೇಯಿಸುವ ಹಂಡೆಗೆ ಬೆಂಕಿ ಸರಿಮಾಡಲು ಹೋದರು. ಬೆಂಕಿ ಸರಿಯಾಗಿಯೇ ಇತ್ತು.

ಎಂಟು ದಿನ ಆ ಸುದ್ದಿ ಇಲ್ಲ. ನಾನೂ ಮತ್ತೆ ಎತ್ತಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಬಸ್‌ಸ್ಟಾಪಿಗೆ ಬಿಡಲು ಬಂದ ಅಪ್ಪ ಬೈಕ್ ನಿಲ್ಲಿಸಿ ಕೇಳಿದರು: “ತೆಗೆಯೋವಾಗ ನಿಂಗೆ ನೋವಾಗಲ್ವೇನೇ?” ಮಿದುಳು ಸತ್ತ ಮೇಲೆ ನೋವು ತಿಳಿಯುವ ಜಾಗವೇ ಉಳಿದಿರುವುದಿಲ್ಲ, ಆಗಲ್ಲ ಅಪ್ಪ, ಅಂದೆ. ಅಷ್ಟು ದಿನ ಅವರು ಯೋಚಿಸುತ್ತಿದ್ದದ್ದು ಶಾಸ್ತ್ರವನ್ನಲ್ಲ, ಊರವರ ಮಾತನ್ನೂ ಅಲ್ಲ. ಚೊಗರಿನಿಂದ ಕಪ್ಪಾದ ಬೆರಳಲ್ಲಿ ಪೆನ್ನು ಹಿಡಿದು ಬೈಕಿನ ಸೀಟಿನ ಮೇಲೇ ಸಹಿ ಹಾಕಿದರು.

ನಿಮ್ಮ ಮನೆಯಲ್ಲಿ ಹೇಗೆ ಹೇಳಬೇಕು ಅಂತ ನಾನು ಹೇಳಲಾರೆ. ಒಂದೇ ಸಲಕ್ಕೆ ಒಪ್ಪಿಸಲು ಹೊರಡಬೇಡಿ. ಹೇಳಿ, ಬಿಡಿ, ಅವರು ಎಂಟು ದಿನ ತೆಗೆದುಕೊಳ್ಳಲಿ.

ಮುಂದಿನ ಜನ್ಮದಲ್ಲಿ ಆ ಅಂಗ ಇಲ್ಲದೆ ಹುಟ್ಟುತ್ತಾರೆ ಅಂತಾರಲ್ಲ?

ನಮ್ಮಜ್ಜಿ ಇದನ್ನು ಇನ್ನೊಂದು ಥರ ಕೇಳಿದರು. “ಕಣ್ಣಿಲ್ಲದೆ ಮೇಲೆ ಹೋದ್ರೆ ನಿನ್ನಜ್ಜನ್ನ ಹೆಂಗೆ ಗುರ್ತು ಹಿಡೀಲಿ?” ನಾನು ನಗಲಿಲ್ಲ. ಅಜ್ಜ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು, ಅಜ್ಜಿಗೆ ಅದು ನಿಜವಾದ ಚಿಂತೆ. ಸುಡುವವರ ಮನೆಯಲ್ಲಿ ಕಣ್ಣು ಹೇಗೂ ಬೂದಿಯಾಗುತ್ತದೆ, ಹೂಳುವವರ ಮನೆಯಲ್ಲಿ ಮಣ್ಣಾಗುತ್ತದೆ, ಹಾಗಿದ್ದೂ ಅಜ್ಜ ನಿಮ್ಮನ್ನು ಕಾಯುತ್ತಿದ್ದಾರೆ ಅಂತ ನಂಬಿದ್ದೀರಲ್ಲ, ಅಂದೆ. ಸ್ವಲ್ಪ ಹೊತ್ತು ಎಲೆ ಅಡಿಕೆ ಮೆದ್ದು, “ಇಡೀ ಕಣ್ಣು ಕೀಳ್ತಾರಾ?” ಅಂದರು. ಬೇರೆಯವರಿಗೆ ಹಾಕುವುದು ಕಣ್ಣಿನ ಮುಂದಿನ ತೆಳು ಪಾರದರ್ಶಕ ಪೊರೆ ಮಾತ್ರ ಅಂತ ವಿವರಿಸಿದೆ. “ಈರುಳ್ಳಿ ಒಳಗಿನ ಪೊರೆ ಹಂಗಾ?” ಹಾಗೇ ಅಂದೆ. “ಅಷ್ಟೇ ಆದ್ರೆ ತಗೊಳ್ಳಲಿ.”

ಕೆಲವು ಕಡೆ ಪೊರೆಯನ್ನಷ್ಟೇ ತೆಗೆಯುತ್ತಾರೆ, ಕೆಲವು ಕಡೆ ಗುಡ್ಡೆಯನ್ನೇ ತೆಗೆದು ಕೃತಕ ಗುಡ್ಡೆ ಇಟ್ಟು ರೆಪ್ಪೆ ಮುಚ್ಚುತ್ತಾರೆ. ಎರಡರಲ್ಲೂ ಮುಖ ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಅಂಗಾಂಗ ತೆಗೆದ ದೇಹವನ್ನೂ ಬೇರೆ ಆಪರೇಷನ್ನಿನ ಹಾಗೆಯೇ ಹೊಲಿದು, ಶುಚಿ ಮಾಡಿ ಕೊಡುತ್ತಾರೆ. ಬಟ್ಟೆ ಹೊದಿಸಿದರೆ ಏನೂ ಕಾಣುವುದಿಲ್ಲ. ಸ್ನಾನ, ಪೂಜೆ, ಸಂಸ್ಕಾರ, ತಿಥಿ ಯಾವುದಕ್ಕೂ ಅಡ್ಡಿಯಿಲ್ಲ. ಆದರೆ ದೇಹ ಕೈಗೆ ಸಿಗುವುದು ತಡವಾಗುತ್ತದೆ, ಕೆಲವೊಮ್ಮೆ ಅರ್ಧ ದಿನ, ಕೆಲವೊಮ್ಮೆ ಇನ್ನೂ ಹೆಚ್ಚು. ನೆಂಟರು ಅಂಗಳದಲ್ಲಿ ಕಾಯಬೇಕಾಗುತ್ತದೆ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಮನೆಯಲ್ಲೇ ಸಾವಾದರೆ ಏನೂ ಕೊಡಲಾಗುವುದಿಲ್ಲವಾ?

ಕಣ್ಣು ಕೊಡಬಹುದು. ಸತ್ತ 6 ಗಂಟೆಯೊಳಗೆ ತೆಗೆಯಬೇಕು. ವಯಸ್ಸಾಗಿದ್ದರೂ, ಕನ್ನಡಕ ಹಾಕುತ್ತಿದ್ದರೂ, ಶುಗರ್ ಇದ್ದರೂ, ಕ್ಯಾಟರ್ಯಾಕ್ಟ್ ಆಪರೇಷನ್ ಆಗಿದ್ದರೂ ಪರವಾಗಿಲ್ಲ. ರೇಬಿಸ್, ಎಚ್‌ಐವಿ, ಹೆಪಟೈಟಿಸ್, ರಕ್ತದ ಕ್ಯಾನ್ಸರ್ ಇದ್ದವರದು ಬೇಡ ಅನ್ನುತ್ತಾರೆ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣು ದಾನವಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಅವರದೂ ಆಯಿತು. ಅಪ್ಪುವಿನ ಎರಡು ಕಣ್ಣಿಂದ ನಾಲ್ಕು ಜನರಿಗೆ ದೃಷ್ಟಿ ಬಂದದ್ದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಕಣ್ಣಿನ ಮುಂದಿನ ಆ ಪಾರದರ್ಶಕ ಪೊರೆಯ ಮುಂಭಾಗ ಹಾಳಾದವರಿಗೆ ಮುಂದಿನ ಪದರ, ಹಿಂಭಾಗ ಹಾಳಾದವರಿಗೆ ಹಿಂದಿನ ಪದರ, ಹೀಗೆ ಒಂದೊಂದು ಪೊರೆಯನ್ನೂ ಎರಡು ಮಾಡಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಹಾಕಿದರು. ಆಮೇಲೆ ನಮ್ಮ ಊರಿನ ಹುಡುಗರೂ ಸಾಲಾಗಿ ಹೆಸರು ಕೊಟ್ಟರು.

ಈಗ ನಮ್ಮ ಮನೆಯ ವಿಷಯ. ಅಜ್ಜಿ ತೀರಿಕೊಂಡದ್ದು ಪುಷ್ಯ ಮಳೆಯಲ್ಲಿ, ರಾತ್ರಿ ಹತ್ತೂವರೆಗೆ. ಮರ ಬಿದ್ದು ಕರೆಂಟ್ ಹೋಗಿ ಎರಡು ದಿನವಾಗಿತ್ತು, ಟವರ್ ಸತ್ತಿತ್ತು. ದೊಡ್ಡಪ್ಪನ ಮಗ ನೆಂಟರಿಗೆ ಸುದ್ದಿ ಮುಟ್ಟಿಸಲು ಆ ಮಳೆಯಲ್ಲೇ ಬೈಕ್ ತೆಗೆದುಕೊಂಡು ಮೇಲಿನ ರಸ್ತೆಗೆ ಹೋದ. ಒಂದು ಗಂಟೆ ರಾತ್ರಿಗೆ ಅವನಿಗೆ ನೆಟ್‌ವರ್ಕ್ ಸಿಕ್ಕಿತು. ಆದರೆ ಕಣ್ಣಿನ ಬ್ಯಾಂಕಿನ ನಂಬರ್ ಅವನ ಹತ್ತಿರ ಇರಲಿಲ್ಲ. ಅದು ನನ್ನ ಮೊಬೈಲಿನಲ್ಲಿತ್ತು, ನಾನು ಶಿವಮೊಗ್ಗದಲ್ಲಿ ಮಲಗಿದ್ದೆ. ಅವನು ಹತ್ತು ಜನ ನೆಂಟರಿಗೆ ಫೋನ್ ಮಾಡಿದ, ನನ್ನನ್ನು ಯಾಕೆ ಎಬ್ಬಿಸುವುದು ಅಂತ ಬೆಳಿಗ್ಗೆವರೆಗೆ ಬಿಟ್ಟ. ಆರು ಗಂಟೆಗೆ ನಾನು ಕಣ್ಣಿನ ಬ್ಯಾಂಕಿಗೆ ಕರೆ ಮಾಡುವಾಗ ಏಳೂವರೆ ಗಂಟೆ ಕಳೆದಿತ್ತು. ಹೊತ್ತು ಮೀರಿದೆ ಅಂತ ಅವರು ಬಹಳ ಮೃದುವಾಗಿ ಹೇಳಿದರು. ಅಜ್ಜಿ ಒಪ್ಪಿದ್ದರು, ಮನೆಯವರು ಒಪ್ಪಿದ್ದರು. ನಂಬರನ್ನು ಗೋಡೆ ಮೇಲೆ ಬರೆಯದೇ ಇದ್ದದ್ದು ನನ್ನ ತಪ್ಪು. ಇವತ್ತಿಗೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆದ್ದರಿಂದ ದಯವಿಟ್ಟು ಹತ್ತಿರದ ಕಣ್ಣಿನ ಬ್ಯಾಂಕಿನ ನಂಬರ್ ಕೇಳಿ ತಿಳಿದು, ಗ್ಯಾಸಿನವನ ನಂಬರ್ ಬರೆದಿಟ್ಟ ಜಾಗದಲ್ಲೇ ದೊಡ್ಡದಾಗಿ ಬರೆಯಿರಿ. ಮನೆಯಲ್ಲಿ ಒಬ್ಬರಿಗಲ್ಲ, ಎಲ್ಲರಿಗೂ ಗೊತ್ತಿರಲಿ. ಅವರು ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆಯ ಕೆಳಗೆ ದಿಂಬು ಇಟ್ಟು ಸ್ವಲ್ಪ ಎತ್ತರ ಮಾಡಿ.

ಶಿವಮೊಗ್ಗದಂಥ ಕಡೆಯಿಂದ ಅಂಗಾಂಗ ದಾನ ಸಾಧ್ಯವಾ? ಅದೆಲ್ಲ ಬೆಂಗಳೂರಿನ ಮಾತಲ್ವಾ?

ದೂರ ನಿಜವಾದ ತೊಡಕು. ತೆಗೆದ ಹೃದಯ, ಶ್ವಾಸಕೋಶ ನಾಲ್ಕರಿಂದ ಆರು ಗಂಟೆಯೊಳಗೆ ಇನ್ನೊಬ್ಬರ ಎದೆಯಲ್ಲಿರಬೇಕು. ಲಿವರ್‌ಗೆ ಸುಮಾರು ಹನ್ನೆರಡು ಗಂಟೆ ಸಿಗುತ್ತದೆ, ಕಿಡ್ನಿಗೆ ಒಂದು ದಿನ, ಇನ್ನೂ ಸ್ವಲ್ಪ ಹೆಚ್ಚು. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್. ಪೊಲೀಸರು ದಾರಿ ಬಿಡಿಸಿಕೊಟ್ಟರೂ ಹೃದಯಕ್ಕೆ ರಸ್ತೆ ಬಹಳ ಉದ್ದ, ಕಿಡ್ನಿಗೆ ತೊಂದರೆಯಿಲ್ಲ. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು ಈ ದೃಷ್ಟಿಯಿಂದ ದೊಡ್ಡ ವಿಷಯ. ಇನ್ನೊಂದು ಕಡೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದರೆ ಕಿಡ್ನಿ ಕಸಿ ಮಾಡುವ ಮಣಿಪಾಲ ಇದೆ.

ಕಸಿ ಮಾಡುವ ಆಸ್ಪತ್ರೆಯಲ್ಲೇ ಅಂಗ ತೆಗೆಯಬೇಕು ಅಂತಲೂ ಇಲ್ಲ. 2011ರ ತಿದ್ದುಪಡಿ ಆದ ಮೇಲೆ, ಐಸಿಯು ಮತ್ತು ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆಗಳು ತೆಗೆಯುವುದಕ್ಕಷ್ಟೇ ನೋಂದಣಿ ಮಾಡಿಸಿಕೊಳ್ಳಬಹುದು, ಕಸಿ ತಂಡದವರೇ ಅಲ್ಲಿಗೆ ಬರುತ್ತಾರೆ. ನಮ್ಮ ಕಡೆ ಮರದಿಂದ ಬಿದ್ದವರು, ಘಾಟಿ ರಸ್ತೆಯಲ್ಲಿ ಬೈಕಿನಿಂದ ಬಿದ್ದವರು ಎಷ್ಟು ಜನ ಐಸಿಯುಗೆ ಬರುತ್ತಾರೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಜಿಲ್ಲೆಯ ಇನ್ನಷ್ಟು ಆಸ್ಪತ್ರೆಗಳು ಮುಂದೆ ಬರಬೇಕು ಅನ್ನುವುದು ನನ್ನ ಆಸೆ.

ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನವರಾದ ನಟ ಸಂಚಾರಿ ವಿಜಯ್ ನೆನಪಿರಬೇಕು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತವಾಗಿ ಮಿದುಳು ನಿಷ್ಕ್ರಿಯವಾದಾಗ ಅವರ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. 2023ರಲ್ಲಿ ಕರ್ನಾಟಕದಲ್ಲಿ ಹೀಗೆ 178 ಕುಟುಂಬಗಳು ಒಪ್ಪಿವೆ.

ಅಪಘಾತ ಅಂದರೆ ಪೊಲೀಸ್ ಕೇಸು, ಪೋಸ್ಟ್‌ಮಾರ್ಟಂ ಇರುತ್ತದಲ್ಲ?

ಇದ್ದರೂ ಕೊಡಬಹುದು. ಪೊಲೀಸರಿಗೆ ತಿಳಿಸಿ, ಒಪ್ಪಿಗೆ ಪಡೆದು ಮುಂದುವರಿಯುತ್ತಾರೆ. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೂರ್ಯ ಮುಳುಗಿದ ಮೇಲೂ ಪೋಸ್ಟ್‌ಮಾರ್ಟಂ ಮಾಡಬಹುದು ಅಂದದ್ದರ ಮುಖ್ಯ ಕಾರಣಗಳಲ್ಲಿ ಅಂಗಾಂಗ ದಾನವೂ ಒಂದು.

ನನ್ನ ಅಂಗ ಯಾರಿಗೆ ಹೋಗಬೇಕು ಅಂತ ಹೇಳಬಹುದಾ? ನಮ್ಮ ಜಾತಿಯವರಿಗೇ ಅಂತ?

ಆಗುವುದಿಲ್ಲ, ಆಗಲೂಬಾರದು. ರಕ್ತದ ಗುಂಪು, ಯಾರು ಎಷ್ಟು ಕಾಲದಿಂದ ಕಾಯುತ್ತಿದ್ದಾರೆ, ಯಾರ ಸ್ಥಿತಿ ಎಷ್ಟು ಗಂಭೀರ ಎಂಬುದನ್ನೆಲ್ಲ ನೋಡಿ ಜೀವಸಾರ್ಥಕತೆಯ ಪಟ್ಟಿಯಂತೆ ಕೊಡುತ್ತಾರೆ. ಕೊಟ್ಟವರು ಯಾರು, ಪಡೆದವರು ಯಾರು ಅಂತ ಒಬ್ಬರಿಗೊಬ್ಬರಿಗೆ ಹೇಳುವುದಿಲ್ಲ. ಮೇಲೆ ಹೇಳಿದ ಡೆನಿಸ್ ಡಾರ್ವಾಲ್ ಬಿಳಿಯ ಹುಡುಗಿ. ಬಿಳಿಯರು ಕೂರುವ ಬೆಂಚಿನ ಮೇಲೆ ಬೇರೆಯವರು ಕೂರುವಂತಿಲ್ಲದ ದೇಶದಲ್ಲಿ ಅವಳ ಒಂದು ಕಿಡ್ನಿ ಬಿಳಿಯನಲ್ಲದ 10 ವರ್ಷದ ಹುಡುಗನಿಗೆ ಹೋಯಿತು. ಇದನ್ನು ಕೇಳಿದ ಹಿರಿಯರೊಬ್ಬರಿಗೆ ನಾನು ಅದನ್ನೇ ಹೇಳಿದ್ದೆ.

ಕೊನೆಗೂ ದುಡ್ಡಿದ್ದವರಿಗೇ ಹೋಗುತ್ತದೆ ಅಂತಾರೆ?

ಅಂಗವನ್ನು ದುಡ್ಡಿಗೆ ಕೊಡುವುದು, ಕೊಳ್ಳುವುದು, ನಡುವೆ ದಲ್ಲಾಳಿ ಆಗುವುದು ಮೂರೂ ಅಪರಾಧ. 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿವರೆಗೆ ದಂಡ. ಆದರೆ ಈ ಅನುಮಾನ ಪೂರ್ತಿ ಸುಳ್ಳು ಅಂತ ನಾನು ಹೇಳಲಾರೆ. ಅಂಗ ಉಚಿತ, ಆಪರೇಷನ್ ಉಚಿತವಲ್ಲ. ಆಮೇಲೆ ಜೀವನಪೂರ್ತಿ ಮಾತ್ರೆ ತೆಗೆದುಕೊಳ್ಳಬೇಕು. ಪಟ್ಟಿಗೆ ಹೆಸರು ಸೇರಿಸುವ ಮಟ್ಟಕ್ಕೇ ಬಡವರು ತಲುಪುವುದು ಕಷ್ಟ. ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರದ ನೆರವಿದೆ, ನಮ್ಮ ಹಳ್ಳಿಗಳಲ್ಲಿ ಅದು ಗೊತ್ತಿರುವವರು ಬಹಳ ಕಡಿಮೆ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿ.

ಕೊಟ್ಟವರ ಮನೆಯವರು, ಒಪ್ಪಿಗೆ ಕೊಟ್ಟ ಮೇಲೆ ಅಂಗ ಕಾಪಾಡುವುದಕ್ಕೆ, ತೆಗೆಯುವುದಕ್ಕೆ ಆಗುವ ಖರ್ಚನ್ನು ಕಟ್ಟಬೇಕಾಗಿಲ್ಲ. ಅದಕ್ಕೆ ಮುಂಚಿನ ಚಿಕಿತ್ಸೆಯ ಬಿಲ್ ಮಾಮೂಲಿನಂತೆ ಇರುತ್ತದೆ.

ನಾನು ಕುಡಿಯುತ್ತೇನೆ, ಗುಟ್ಕಾ ಹಾಕುತ್ತೇನೆ. ನಂದು ಯಾರಿಗೆ ಬೇಕು?

ನೀವು ಹೆಸರು ಕೊಡಿ. ಯಾವ ಅಂಗ ಚೆನ್ನಾಗಿದೆ, ಯಾವುದು ಬೇಡ ಅಂತ ಆ ಹೊತ್ತಿಗೆ ಪರೀಕ್ಷೆ ಮಾಡಿ ಡಾಕ್ಟರುಗಳೇ ನಿರ್ಧರಿಸುತ್ತಾರೆ. ಲಿವರ್ ಬೇಡವಾದರೂ ಕಿಡ್ನಿ ಬೇಕಾಗಬಹುದು.

ನಿಮ್ಮದೇ ಒಂದು ಕಿಡ್ನಿ ದೊಡ್ಡಪ್ಪನಿಗೆ ಕೊಡಬಹುದಿತ್ತಲ್ಲ?

ಇದನ್ನು ಕೇಳಿದವರು ಕೆಲವರು ಕಾಳಜಿಯಿಂದ ಕೇಳಿದ್ದಾರೆ, ಕೆಲವರು ಚುಚ್ಚಲು ಕೇಳಿದ್ದಾರೆ. ನಾನೇ ಮೊದಲು ದೊಡ್ಡಪ್ಪನ ಹತ್ತಿರ ಹೋಗಿ ಕೇಳಿದ್ದೆ. ಬದುಕಿರುವವರು ಕೊಡುವುದಾದರೆ ಕಾನೂನು ಹತ್ತಿರದ ಸಂಬಂಧಿ ಅನ್ನುವುದು ಗಂಡ ಹೆಂಡತಿ, ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳನ್ನು. ತಮ್ಮನ ಮಗಳು ಆ ಸಾಲಿನಲ್ಲಿ ಬರುವುದಿಲ್ಲ, ಸರ್ಕಾರದ ಸಮಿತಿಯ ಮುಂದೆ ಹೋಗಿ ದುಡ್ಡಿನ ವ್ಯವಹಾರ ಅಲ್ಲ ಅಂತ ತೋರಿಸಬೇಕು. ಅದಕ್ಕೂ ನಾನು ತಯಾರಿದ್ದೆ. ದೊಡ್ಡಪ್ಪ ಒಪ್ಪಲಿಲ್ಲ. “ನಿಂಗೆ ಇನ್ನೂ ಮದುವೆ, ಮಕ್ಕಳು ಎಲ್ಲ ಇದೆ. ಇನ್ನೊಂದ್ಸಲ ಈ ಮಾತು ತೆಗೆದ್ರೆ ನಾನು ಡಯಾಲಿಸಿಸ್‌ಗೇ ಹೋಗಲ್ಲ” ಅಂದುಬಿಟ್ಟರು. ದೊಡ್ಡಮ್ಮನಿಗೆ ಶುಗರ್. ಅಪ್ಪನ ಪರೀಕ್ಷೆ ಮಾಡಿಸಿದೆವು, ಅವರಿಗೂ ಬಿಪಿ ಇರುವುದು ಅಲ್ಲೇ ಗೊತ್ತಾಯಿತು. ಅಣ್ಣನಿಗೆ ದೊಡ್ಡಪ್ಪ ನನಗೆ ಹೇಳಿದ್ದನ್ನೇ ಹೇಳಿದರು.

ದೇಹದಾನ, ಅಂಗಾಂಗ ದಾನ ಎರಡೂ ಒಂದೇನಾ?

ಅಲ್ಲ. ದೇಹದಾನ ಮೆಡಿಕಲ್ ಕಾಲೇಜಿನ ಮಕ್ಕಳು ಶರೀರರಚನೆ ಕಲಿಯುವುದಕ್ಕೆ. ಅಂಗಾಂಗ ತೆಗೆದ ದೇಹವನ್ನು ಸಾಮಾನ್ಯವಾಗಿ ಅವರು ತೆಗೆದುಕೊಳ್ಳುವುದಿಲ್ಲ, ಕಣ್ಣು ಮಾತ್ರ ಕೊಟ್ಟಿದ್ದರೆ ತೆಗೆದುಕೊಳ್ಳುತ್ತಾರೆ.

ಆಮೇಲೆ ಮನಸ್ಸು ಬದಲಾದರೆ?

ಯಾವಾಗ ಬೇಕಾದರೂ ಹಿಂದೆ ತೆಗೆಯಬಹುದು, ಕಾರಣ ಹೇಳಬೇಕಾಗಿಲ್ಲ. ಮನೆಯವರಿಗೆ ಅದನ್ನೂ ಹೇಳಿ.

ದೊಡ್ಡಪ್ಪನಿಗೆ ಕಿಡ್ನಿ ಸಿಕ್ಕಿತಾ?

ಇನ್ನೂ ಇಲ್ಲ. ಪಟ್ಟಿಯಲ್ಲಿ ಹೆಸರಿದೆ. ಕರೆ ಹಗಲೋ ರಾತ್ರಿಯೋ ಬರಬಹುದು, ಬಂದ ತಕ್ಷಣ ಹೊರಡಬೇಕು ಅಂತ ಆಸ್ಪತ್ರೆಯವರು ಹೇಳಿದ್ದಾರೆ. ನಮ್ಮ ಮನೆಯಲ್ಲಿ ಸಿಗ್ನಲ್ ಬರುವುದು ಪಡಸಾಲೆಯ ಕಿಟಕಿಯ ಹತ್ತಿರ ಮಾತ್ರ. ದೊಡ್ಡಪ್ಪನ ಫೋನು ಅಲ್ಲೇ ಇರುತ್ತದೆ, ಅವರ ಹಾಸಿಗೆಯೂ ಈಗ ಅಲ್ಲೇ. ಎರಡು ಪಂಚೆ, ಟವೆಲ್, ಎಲ್ಲ ರಿಪೋರ್ಟುಗಳನ್ನು ತುಂಬಿದ ಬ್ಯಾಗು ಗೋಡೆಯ ಮೊಳೆಗೆ ನೇತು ಹಾಕಿದೆ. ಮಳೆಗಾಲ ಬಂದಾಗ ರಿಪೋರ್ಟು ಒದ್ದೆಯಾಗದಿರಲಿ ಅಂತ ದೊಡ್ಡಮ್ಮ ಅದನ್ನು ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮತ್ತೆ ಅದೇ ಮೊಳೆಗೆ ಹಾಕುತ್ತಾರೆ.